ಅತ್ತೆಯ ಕುರ್ಚಿಗೆ ನನ್ನ ಬ್ಯಾಟರಿ

ಬೂದಿಕೋಟೆ

ಮಲೇಷ್ಯಾಕ್ಕೆ ಹೊರಟಾಗ ನಾನು ಮೊದಲು ಚೀಲಕ್ಕೆ ಹಾಕಿದ್ದು ಕ್ರೋಶಾ ಕಡ್ಡಿ. ಲೇಸು ಹೆಣೆಯುವುದಕ್ಕಲ್ಲ. ನನ್ನ ಬ್ಯಾಟರಿ ಕುರ್ಚಿಯ ಮುಂದಿನ ಪುಟ್ಟ ಚಕ್ರಗಳಿಗೆ ಸುತ್ತಿಕೊಳ್ಳುವ ಕೂದಲು, ದಾರ, ಒಣಹುಲ್ಲಿನ ಎಳೆ ಕೀಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ. ಅದರ ಜೊತೆಗೆ ಸ್ಪ್ಯಾನರು, ಟೇಪು, ಫ್ಯೂಸು, ಒರೆಸಲು ಹಳೆಯ ಹತ್ತಿ ಸೀರೆಯ ತುಂಡು. ನನ್ನ ಬಟ್ಟೆಬರೆ ಆಮೇಲೆ.

ಬೂದಿಕೋಟೆ ಹತ್ತಿರದ ನಮ್ಮ ಹಳ್ಳಿಯ ಹಾಲಿನ ಡೇರಿಯಲ್ಲಿ ನಾನು ಕಾರ್ಯದರ್ಶಿ. ಹೆಸರು ಲಲಿತ. ಹುಡುಗಿಯಾಗಿದ್ದಾಗ ಹುಣಸೆ ಬಡಿಯಲು ಮರ ಹತ್ತಿ ಬಿದ್ದೆ. ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಬಲ ಹೋಯಿತು. ಈಗ ಮನೆಗೂ ಡೇರಿಗೂ ನನ್ನನ್ನು ಹೊತ್ತು ತಿರುಗುವುದು ಈ ಕುರ್ಚಿ. ಅದನ್ನು ನೋಡಿಕೊಳ್ಳುವುದೆಂದರೆ ಸೀಮೆಹಸು ಸಾಕಿದ ಹಾಗೆ. ಒಂದು ಹೊತ್ತು ಅಲಕ್ಷ್ಯ ಮಾಡಿದರೆ ಮೂರು ದಿನ ಸೇಡು ತೀರಿಸಿಕೊಳ್ಳುತ್ತದೆ. ಪ್ರತಿ ಸಂಜೆ ಚಾರ್ಜಿಗೆ ಹಾಕಬೇಕು. ಕರೆಂಟು ಹೋದರೆ ಬಂದಾಗ ಎಚ್ಚರವಿರಬೇಕು. ಬ್ಯಾಟರಿ ಪೂರಾ ಬರಿದಾಗಲು ಬಿಡಬಾರದು. ಸೆಗಣಿ ನೀರು ಮೋಟರಿನ ಬಳಿ ಹೋಗದಂತೆ ಕಾಯಬೇಕು. ಮಳೆಗಾಲದಲ್ಲಿ ಓಡಿಸುವ ಹಿಡಿಗೆ ಪ್ಲಾಸ್ಟಿಕ್ ಕವರು ಕಟ್ಟಬೇಕು.

ಮಲೇಷ್ಯಾದಿಂದ ಕುಮಾರ ಫೋನು ಮಾಡಿದ ದಿನವೂ ನಾನು ಚಕ್ರ ಒರೆಸುತ್ತಿದ್ದೆ. ಕುಮಾರ ನನ್ನ ಸೋದರತ್ತೆ ಮುನಿರತ್ನಮ್ಮನ ಮಗ, ನನಗಿಂತ ಚಿಕ್ಕವನು.

"ಅತ್ತಿಗೆ, ಅಮ್ಮ ಮಂಚ ಬಿಟ್ಟು ಏಳ್ತಾನೇ ಇಲ್ಲ," ಎಂದ. "ಡಾಕ್ಟ್ರು ಹೇಳಿದ್ದಾಯ್ತು, ನಾನು ಕಾಲಿಗೆ ಬಿದ್ದಿದ್ದಾಯ್ತು. ಬ್ಯಾಟರಿ ಕುರ್ಚಿ ತಂದಿಟ್ಟು ಎಷ್ಟೋ ತಿಂಗ್ಳಾಯ್ತು, ಕೈಯಲ್ಲಿ ಮುಟ್ಟಿಲ್ಲ. ಬೆನ್ನಲ್ಲಿ ಹುಣ್ಣಾಗ್ತಿದೆ."

ಸಕ್ಕರೆ ಕಾಯಿಲೆಗೆ ಅತ್ತೆಯ ಬಲಗಾಲು ಮೊಣಕಾಲಿನ ಕೆಳಗೆ ಹೋಗಿದ್ದು ನನಗೆ ಗೊತ್ತಿತ್ತು. ಹುಣ್ಣಿನ ಸುದ್ದಿ ಗೊತ್ತಿರಲಿಲ್ಲ. ಮಲಗಿದವರಿಗೆ ಬೆನ್ನಿನ ಹುಣ್ಣು ಏನು ಮಾಡುತ್ತದೆಂದು ನನಗೆ ಚೆನ್ನಾಗಿ ಗೊತ್ತು.

"ಫೋನು ಅವಳ ಕೈಗೆ ಕೊಡು, ನಾನು ಮಾತಾಡ್ತೀನಿ."

"ನಿಮ್ಮ ಹೆಸರು ಎತ್ತಿದ್ರೆ ಗೋಡೆ ಕಡೆ ತಿರುಗಿಕೊಳ್ತಾಳೆ. ನೀವೇ ಬರ್ಬೇಕು ಅತ್ತಿಗೆ."

ಹೋಗದಿರಲು ನನಗೆ ಹಕ್ಕಿರಲಿಲ್ಲ. ಮರದಿಂದ ಬಿದ್ದ ಮೇಲೆ ನಾನು ವರ್ಷವೊಂದು ನಡುಮನೆಯ ಚಾಪೆಯ ಮೇಲೆ ಬಿದ್ದುಕೊಂಡಿದ್ದೆ. ಬಂದವರೆಲ್ಲ ಅತ್ತು ಹೋಗುತ್ತಿದ್ದರು. ರತ್ನತ್ತೆ ಮಾತ್ರ ಅಳಲಿಲ್ಲ. ಒಂದು ಎತ್ತಿನ ಗಾಡಿಗೆ ಹುಲ್ಲು ಹಾಸಿಸಿ, ನನ್ನನ್ನು ಅದರ ಮೇಲೆ ಮಲಗಿಸಿ, ಕೆಜಿಎಫ್‌ನ ಕೋರಮಂಡಲ್‌ನಲ್ಲಿದ್ದ ತನ್ನ ಮನೆಗೆ ಕರೆದೊಯ್ದಳು. ಮಾವ ಗಣಿಯಲ್ಲಿ ಫಿಟ್ಟರ್, ತಮಿಳರು. ಗಣಿಯ ತಗಡಿನ ಲೈನ್ ಮನೆಯಲ್ಲಿ ದಿಂಬುಗಳ ನಡುವೆ ನನ್ನನ್ನು ಕೂರಿಸಿದಳು. ತಲೆ ತಿರುಗಿ ಬಿದ್ದರೆ ಮತ್ತೆ ಕೂರಿಸಿದಳು. ಗಣಿ ಮುಚ್ಚಿದ ಮೇಲೆ ಮಾವ ತಮ್ಮ ಅಣ್ಣನಿದ್ದ ಮಲೇಷ್ಯಾದ ಇಪೋ ಊರಿಗೆ ಸಂಸಾರ ಸಮೇತ ಹೋದರು. ಅಲ್ಲೇ ತೀರಿಕೊಂಡರು.

ಕೋರಮಂಡಲ್

ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ನನ್ನನ್ನು ವ್ಯಾನಿನಲ್ಲಿ ಕರೆದೊಯ್ದವನು ನನ್ನ ತಮ್ಮ ಮಂಜ. ಬಂಗಾರಪೇಟೆಯ ಯುಪಿಎಸ್ ಅಂಗಡಿಯಲ್ಲಿ ನಿಲ್ಲಿಸಿ ಬ್ಯಾಟರಿಗಳನ್ನು ಪರೀಕ್ಷೆ ಮಾಡಿಸಿದೆವು. ಎರಡೂ ಗಟ್ಟಿಯಾಗಿದ್ದವು. ಆಮೇಲೆ ದಾರಿ ಸುತ್ತಾದರೂ ಕೋರಮಂಡಲ್‌ಗೆ ಹೋಗೋಣವೆಂದೆ. ಅತ್ತೆ ಕೇಳಿಯೇ ಕೇಳುತ್ತಾಳೆ, ನೋಡದೆ ಹೋಗಬಾರದು.

ಲೈನ್ ಮನೆಗಳು ಇದ್ದವು. ಕೆಲವಕ್ಕೆ ಬೀಗ, ಕೆಲವಕ್ಕೆ ಹೊಸ ಬಣ್ಣ. ಬಂಗಾರ ತೆಗೆದು ಸುರಿದ ಸೈನೈಡ್ ದಿಬ್ಬದ ಬೂದು ಮಣ್ಣು ಗಾಳಿಗೆ ಎದ್ದು ಒಣಹಾಕಿದ ಬಟ್ಟೆಗಳ ಮೇಲೆ ಕೂರುತ್ತಿತ್ತು. ಅತ್ತೆಯ ಮನೆಯ ಮುಂದೆ ಹೆಂಗಸೊಬ್ಬರು ಅಕ್ಕಿ ಆರಿಸುತ್ತಿದ್ದರು. ಮೊದಲು ತಮಿಳಿನಲ್ಲಿ ಯಾರು ಬೇಕೆಂದರು, ನನ್ನ ಮುಖ ನೋಡಿ ಕನ್ನಡಕ್ಕೆ ಬಂದರು.

"ಇಲ್ಲಿದ್ರಾ ನೀವು? ಹಂಗಾದ್ರೆ ಒಳ್ಗೆ ಬಾಮ್ಮ, ಕಾಪಿ ಕುಡ್ದು ಓಗು."

ಬಾಗಿಲು ಕಿರಿದು, ಕುರ್ಚಿ ಹಿಡಿಸಲಿಲ್ಲ. ಕಾಫಿ ಹೊರಗೇ ಬಂತು.

ನಿಲ್ದಾಣದಲ್ಲಿ ಮಂಜ ನನ್ನ ಕೈ ಬಿಡಲಿಲ್ಲ. "ಅಕ್ಕ, ಗಾಡಿ ಕೆಟ್ಟರೆ ಏನು ಮಾಡ್ತೀಯ? ಅಲ್ಲಿ ನಾನಿರಲ್ಲ."

"ಕೆಟ್ಟಾಗ ನೋಡಾನ," ಎಂದೆ.

ಕೌಲಾಲಂಪುರ

ವಿಮಾನದಲ್ಲಿ ಬ್ಯಾಟರಿ ಕುರ್ಚಿಗೆ ಮನುಷ್ಯರಿಗಿಂತ ಹೆಚ್ಚು ವಿಚಾರಣೆ. ಬ್ಯಾಟರಿ ನೀರಿನದೋ ಜೆಲ್ಲಿನದೋ, ಸೋರುತ್ತದೋ ಇಲ್ಲವೋ, ತಂತಿ ಬಿಡಿಸಿದೆಯೋ. ಎಲ್ಲಕ್ಕೂ ಉತ್ತರ ಹೇಳಿ, ನಾನೇ ಬಗ್ಗಿ ಪ್ಲಗ್ಗು ಕಿತ್ತು, ಅದನ್ನು ಸರಕಿನ ಕಡೆಗೆ ಕಳಿಸಿದೆ. ಎಳೆಗರುವನ್ನು ಗುರುತಿಲ್ಲದವರ ಕೈಗೆ ಕೊಟ್ಟಂತಾಯಿತು. ನೀರು ಕುಡಿದರೆ ಬಚ್ಚಲಿನ ಕಷ್ಟ, ಆದ್ದರಿಂದ ತುಟಿ ಒದ್ದೆ ಮಾಡಿಕೊಳ್ಳುವಷ್ಟು ಮಾತ್ರ ಕುಡಿದು ಪ್ರಯಾಣ ಮುಗಿಸಿದೆ.

ಇಳಿದ ಮೇಲೆ ಕುರ್ಚಿ ಬಂತು. ಓಡಿಸುವ ಹಿಡಿ ತನ್ನ ತೋಳಿನಿಂದ ಕಳಚಿ ತಂತಿಯೊಂದರಲ್ಲಿ ನೇತಾಡುತ್ತಿತ್ತು, ಕತ್ತು ತಿರುಚಿದ ಕೋಳಿಯ ಹಾಗೆ. ಪ್ಲಗ್ಗು ಸೇರಿಸಿ ಸ್ವಿಚ್ಚು ಒತ್ತಿದೆ. ಕೆಂಪು ದೀಪಗಳು ಮಿಟುಕಿದವು, ಚಕ್ರ ಅಲುಗಲಿಲ್ಲ. ಹಿಂಬದಿಯ ಸನ್ನೆಗಳನ್ನು, ಅಂದರೆ ಚಕ್ರದ ಪುಟ್ಟ ಲಿವರುಗಳನ್ನು, ನೋಡಿದೆ. ಈ ಕುರ್ಚಿಗಳ ಮೋಟರು ಚಕ್ರವನ್ನು ಸದಾ ಹಿಡಿದುಕೊಂಡಿರುತ್ತದೆ. ಸನ್ನೆ ಎತ್ತಿದರೆ ಮಾತ್ರ ಬಿಡುತ್ತದೆ, ಆಗ ತಳ್ಳಬಹುದು. ಯಾರೋ ಅವನ್ನು ಎತ್ತಿಟ್ಟು ಮರೆತಿದ್ದರು. ಅದೊಂದೇ ತೊಂದರೆಯಾಗಿರಲಿ ಎಂದು ದೇವರನ್ನು ಬೇಡುತ್ತ ಇಳಿಸಿದೆ. ಮತ್ತೆ ಕೆಂಪು ದೀಪ.

ಕುರ್ಚಿ ತಂದ ಮನುಷ್ಯ ಎದೆಯ ಮೇಲೆ ಅಂಗೈ ಇಟ್ಟು, "ಮಾಫ್, ಮಾಫ್," ಎಂದ. ನಮ್ಮ ಕೋಲಾರದ ಸಂತೆಯಲ್ಲಿ ಕೇಳುವ ಮಾತೇ ಅಲ್ಲಿಯೂ ಇದೆ! ಅವನು ದಾರಿ ತೋರಿಸುವಾಗಲೂ ತೋರುಬೆರಳು ಚಾಚಲಿಲ್ಲ, ಮುಷ್ಟಿ ಮಡಿಸಿ ಹೆಬ್ಬೆರಳಿನಿಂದ ತೋರಿಸಿದ. ಬೆರಳು ಚಾಚುವುದು ಅಲ್ಲಿನವರಿಗೆ ಒರಟುತನವಂತೆ. ಅಷ್ಟು ಮೆದುವಾದ ಜನರ ಮೇಲೆ ಕೂಗಾಡಲು ನನ್ನಿಂದ ಆಗಲಿಲ್ಲ.

ಕುಮಾರ ಕಾದಿದ್ದ. ಸನ್ನೆ ಎತ್ತಿ, ಕುರ್ಚಿಯನ್ನೂ ಅದರ ಮೇಲಿನ ನನ್ನನ್ನೂ ಬೆವರು ಸುರಿಸುತ್ತ ತಳ್ಳಿ ರೈಲಿಗೆ ತಂದ. ಬಂಗಾರಪೇಟೆಯಲ್ಲಿ ನಾನು ರೈಲು ಹತ್ತಿದರೆ ಅದು ಊರಿನ ಕೆಲಸ. ಇಬ್ಬರು ಕಂಕುಳಿಗೆ, ಇಬ್ಬರು ಕಾಲಿಗೆ, ಒಬ್ಬ ಅಜ್ಜ ಉಸ್ತುವಾರಿಗೆ. ಇಲ್ಲಿ ಪ್ಲಾಟ್‌ಫಾರಂ ಮತ್ತು ಬೋಗಿಯ ನಡುವೆ ಒಂದು ಹಲಗೆ ಹಾಕಿದರು, ಅಷ್ಟೇ. ಯಾರೂ ತಿರುಗಿ ನೋಡಲಿಲ್ಲ. ಇದೇ ಸರಿ ಎಂದು ಮನಸ್ಸು ಹೇಳಿತು. ಆದರೂ ಎಲ್ಲಿಗೆ ತಾಯಿ, ಏನಾಗಿತ್ತು ಎಂದು ಕೇಳುವ ಒಬ್ಬರೂ ಇಲ್ಲವಲ್ಲ ಎಂದೂ ಅನ್ನಿಸಿತು.

ಇಪೋ, ಮೊದಲ ದಿನ

ಇಪೋ ಕೂಡ ಗಣಿಯ ಊರು. ಬಂಗಾರವಲ್ಲ, ತವರ. ಅದೂ ಮುಗಿದಿದೆ. ತೋಡಿದ ಹಳ್ಳಗಳಲ್ಲಿ ನೀರು ನಿಂತು ಕೆರೆಗಳಾಗಿವೆ, ಸುತ್ತ ಸುಣ್ಣದ ಕಲ್ಲಿನ ಹಸಿರು ಬೆಟ್ಟಗಳು. ನಮ್ಮಲ್ಲಿ ಅಗೆದ ಮಣ್ಣು ದಿಬ್ಬವಾಗಿ ಉಳಿದಿದೆ, ಅವರಲ್ಲಿ ಅಗೆದ ಗುಂಡಿ ಕೆರೆಯಾಗಿ ಉಳಿದಿದೆ.

ಅತ್ತೆಯ ಮನೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿತ್ತು. ಲೈನ್ ಮನೆಯೇ, ಸ್ವಲ್ಪ ದೊಡ್ಡದು. ಪ್ರತಿ ಮನೆಗೂ ಕಬ್ಬಿಣದ ಸರಳಿನ ಬಾಗಿಲು, ಹಗಲಿನಲ್ಲೂ ಒಳಗಿನಿಂದ ಬೀಗ. ಚಪ್ಪಲಿ ಮಾತ್ರ ಬೀದಿಯ ಪಾಲು.

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನನ್ನ ದನಿ ಕೇಳಿ ನಿಧಾನಕ್ಕೆ ಹೊರಳಿದಳು. ಎಷ್ಟು ಸಣ್ಣಗಾಗಿದ್ದಳು! ಕೋರಮಂಡಲ್‌ನಲ್ಲಿ ಎರಡು ಬಿಂದಿಗೆ ನೀರು ಒಟ್ಟಿಗೆ ತರುತ್ತಿದ್ದವಳು.

"ಬಂದ್ಯಾ," ಎಂದಳು. "ಕುಮಾರ ಕರೆಸ್ಕೊಂಡ್ನಾ ನಿನ್ನ? ನಂಗೆ ಬುದ್ಧಿ ಯೇಳಾಕೆ?"

"ನಿನ್ನ ನೋಡೋಕೆ ಬಂದೆ ಅತ್ತೆ."

"ನೋಡ್ದೆಲ್ಲಾ, ಪೋದುಂ. ಸಾಕು." ಆಮೇಲೆ ಹೊದಿಕೆ ಎಳೆದುಕೊಳ್ಳುತ್ತ, "ಆ ಮನೆ ಐತಾ?" ಎಂದಳು.

"ಐತೆ. ಅಲ್ಲಿರೋ ಹೆಂಗಸು ಕಾಪಿ ಕೊಟ್ಟರು."

ಅವಳ ಕಣ್ಣು ತೇವವಾಯಿತು. ಮತ್ತೆ ಗೋಡೆಯ ಕಡೆ ತಿರುಗಿದಳು.

ಅದೇ ಕೋಣೆಯ ಕಿಟಕಿಯ ಬಳಿ ನನಗೊಂದು ಮಂಚ ಹಾಕಿದ್ದರು. ಮೂಲೆಯಲ್ಲಿ ಅತ್ತೆಯ ಬ್ಯಾಟರಿ ಕುರ್ಚಿ ಬೆಡ್‌ಶೀಟ್ ಹೊದ್ದು ನಿಂತಿತ್ತು. ಮೆತ್ತೆಯ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಕುಮಾರನಿಂದ ಸ್ವಿಚ್ಚು ಹಾಕಿಸಿದೆ. ದೀಪ ಹತ್ತಲಿಲ್ಲ. ಚಾರ್ಜರು ಸೇರಿಸಿದೆವು, ಅದೂ ಗೊಣಗಲಿಲ್ಲ.

"ತಂದ ಮೇಲೆ ಒಂದು ಸಲವಾದ್ರೂ ಚಾರ್ಜ್ ಮಾಡಿದ್ಯಾ?"

"ಓಡಿಸ್ದೇ ಇರೋದಕ್ಕೆ ಚಾರ್ಜ್ ಯಾಕೆ ಅಂದ್ಕೊಂಡೆ ಅತ್ತಿಗೆ."

"ಓಡಿಸ್ದಿದ್ರೂ ಅದು ಒಳಗೊಳಗೇ ಸಾಯ್ತಾ ಇರುತ್ತಪ್ಪ. ತಿಂಗಳುಗಟ್ಲೆ ಬಿಟ್ರೆ ಚಾರ್ಜರ್‌ಗೂ ಅದರ ಉಸಿರು ಗೊತ್ತಾಗಲ್ಲ."

ಮಂಚದ ಮೇಲಿನ ಬೆನ್ನು ಅಲುಗಲಿಲ್ಲ. ಆದರೆ ಅವಳು ಕೇಳಿಸಿಕೊಂಡಳೆಂದು ನನಗೆ ಗೊತ್ತಾಯಿತು. ನಾನು ಹೇಳಿದ್ದು ಬ್ಯಾಟರಿಯ ಮಾತು ಮಾತ್ರ, ದೇವರಾಣೆಗೂ.

ಭಾನುವಾರ

ನನ್ನ ಕುರ್ಚಿಗೆ ಬ್ಯಾಟರಿ ಚೆನ್ನಾಗಿತ್ತು, ಹಿಡಿ ಮುರಿದಿತ್ತು. ಅತ್ತೆಯದಕ್ಕೆ ಹಿಡಿ ಚೆನ್ನಾಗಿತ್ತು, ಬ್ಯಾಟರಿ ಸತ್ತಿತ್ತು. ಎರಡರ ಕಂಪನಿ ಬೇರೆ, ಹಿಡಿ ಅದಲುಬದಲಾಗದು. ಬ್ಯಾಟರಿಯ ಅಳತೆ ಮಾತ್ರ ಒಂದೇ.

ಕುಮಾರ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಆದರೂ ಬ್ಯಾಟರಿ ಎಂದರೆ ಹೆದರಿದ. ನಾನು ಮಂಚದ ಮೇಲೆ ಕುಳಿತು ಹೇಳುತ್ತಾ ಹೋದೆ. ಮೊದಲು ಕರಿಯ ತಂತಿ ಬಿಚ್ಚು, ಆಮೇಲೆ ಕೆಂಪು. ಸ್ಪ್ಯಾನರಿಗೆ ಟೇಪು ಸುತ್ತು, ಎರಡು ತುದಿಗೂ ಒಟ್ಟಿಗೆ ತಾಗಿದರೆ ಕಿಡಿ ಹಾರುತ್ತೆ. ಸೇರಿಸುವಾಗ ಕೆಂಪು ಮೊದಲು, ಕರಿದು ಕೊನೆಗೆ. ಬಿಗಿಯಾಗಿ ತಿರುಗಿಸು, ಸಡಿಲವಿದ್ದರೆ ಬಿಸಿಯಾಗುತ್ತೆ. ಅವನು ನನ್ನ ಬ್ಯಾಟರಿಗಳನ್ನು ಅತ್ತೆಯ ಕುರ್ಚಿಯ ಹೊಟ್ಟೆಗೆ ಇಳಿಸಿದ. ಸ್ವಿಚ್ಚು ಒತ್ತಿದಾಗ ಹಸಿರು ದೀಪಗಳು ಸಾಲಾಗಿ ಹತ್ತಿದವು.

"ನೀನೇ ಕುಂತ್ಕೊಂಡು ಓಡಾಡು," ಎಂದಳು ಅತ್ತೆ, ಗೋಡೆಗೆ ಹೇಳಿದಂತೆ. "ನಂಗೆ ಬ್ಯಾಡ."

"ಅದು ನಿಂದು. ನಾನು ಕೂರಲ್ಲ."

"ಅಂಗಾದ್ರೆ ಇಬ್ರೂ ಬಿದ್ಕೊಂಡಿರಾನ."

ಕುಮಾರ ಇಬ್ಬರನ್ನೂ ನೋಡಿ ತಲೆ ಚಚ್ಚಿಕೊಂಡ. ಕುರ್ಚಿಯನ್ನು ಅತ್ತೆಯ ಮಂಚಕ್ಕೆ ತಾಗಿಸಿ ನಿಲ್ಲಿಸಲು ಹೇಳಿದೆ. ಅದು ಅಲ್ಲೇ ನಿಂತಿತು. ಬೆಳಿಗ್ಗೆ ಬರುವ ಕೆಲಸದಾಕೆ ಅತ್ತೆಗೆ ಮೈ ಒರೆಸಿ, ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಮಧ್ಯಾಹ್ನವೆಲ್ಲ ನಾವಿಬ್ಬರೇ. ನಾನು ಕಿಟಕಿಯ ಸರಳಿನಾಚೆ ಯಾರದೋ ಚಪ್ಪಲಿಗಳನ್ನು ನೋಡುತ್ತ, ಅವಳು ಗೋಡೆ ನೋಡುತ್ತ. ಬಂದದ್ದೇ ತಪ್ಪಾಯಿತೇನೋ ಎಂದು ಮೊದಲ ಬಾರಿಗೆ ಅನ್ನಿಸಿತು. ನನ್ನನ್ನು ಕೂರಿಸಲು ಅವಳಲ್ಲಿ ತೋಳಿನ ಬಲವಿತ್ತು. ಅವಳನ್ನು ಕೂರಿಸಲು ನನ್ನಲ್ಲಿ ಏನಿತ್ತು?

ಮಳೆಯ ಮಧ್ಯಾಹ್ನ

ಹಿಡಿ ದುರಸ್ತಿಗೆ ಕುಮಾರ ಒಬ್ಬರನ್ನು ಗೊತ್ತು ಮಾಡಿದ್ದ. ಕಾಕ್ ರೋಸ್ ಎಂಬ ಮಲಯ ಹೆಂಗಸು. ಕಾಕ್ ಎಂದರೆ ಅಲ್ಲಿ ಅಕ್ಕ. ಊರೂರು ಸುತ್ತಿ ಇಂಥ ಕುರ್ಚಿಗಳನ್ನು ರಿಪೇರಿ ಮಾಡುವವರು. ಈ ವಾರ ತಪ್ಪಿದರೆ ಮತ್ತೆ ಈ ಕಡೆ ಬರುವ ಹೊತ್ತಿಗೆ ನಾನು ಹಿಂದಿರುಗಿರಬೇಕಿತ್ತು. ಕುಮಾರ ಅರ್ಧ ದಿನ ರಜೆ ಹಾಕಿ ಬರುತ್ತೇನೆಂದಿದ್ದ. ಅವನು ಬರುವ ಮುಂಚೆ ಮಳೆ ಬಂತು. ಮಳೆಯೆಂದರೆ ನಮ್ಮ ಕಡೆ ಬಂದು ಹೋಗುವ ಮಳೆಯಲ್ಲ. ಬೀದಿ ಕಾಣಲಿಲ್ಲ.

ಆ ಸದ್ದಿನಲ್ಲಿ ಬಾಗಿಲ ಗಂಟೆ ಕೇಳಿತು. ಸರಳಿನಾಚೆ ತಲೆವಸ್ತ್ರ ಕಟ್ಟಿದ ಹೆಂಗಸು, ಕೈಯಲ್ಲಿ ಪೆಟ್ಟಿಗೆ. ನಾನು ಕೂಗಿದೆ. ಮುಂದಿನ ಚಪ್ಪರದ ತಗಡಿನ ಮೇಲೆ ಬೀಳುವ ಮಳೆಯಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಕುಮಾರನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಅವರ ನಂಬರು ನನ್ನ ಬಳಿ ಇರಲಿಲ್ಲ. ಮತ್ತೆ ಗಂಟೆ.

"ಯಾರೇ ಅದು?" ಅತ್ತೆ ತಲೆ ಎತ್ತಿದಳು.

"ರಿಪೇರಿಯವರು. ಹೊರಟು ಹೋಗ್ತಾರೆ."

"ನೀನು ಓಗ್ಬಾರ್ದಾ?"

"ಎಂಗೆ ಓಗ್ಲಿ ಅತ್ತೆ? ಗಾಡಿ ನಿನ್ನ ಹತ್ರ ಐತೆ."

ಅವಳು ಮೊಣಕೈ ಊರಿ ಎದ್ದು ಕುರ್ಚಿಯನ್ನು ನನ್ನ ಕಡೆ ತಳ್ಳಿದಳು. ಅಲುಗಲಿಲ್ಲ. ಎರಡೂ ಕೈಯಲ್ಲಿ ತಳ್ಳಿದಳು. ಚಕ್ರ ಬಿಡಿಸುವ ಸನ್ನೆಗಳು ಹಿಂದೆ, ನೆಲದ ಬಳಿ. ಅವಳ ಕೈಗೆ ಎಟುಕುವಂತಿರಲಿಲ್ಲ. ಮಂಚದ ಮೇಲಿಂದಲೇ ಸ್ವಿಚ್ಚು ಹಾಕಿ ಹಿಡಿಯನ್ನು ಮೆಲ್ಲಗೆ ಮುಂದೆ ಒತ್ತಿದರೆ ಕುರ್ಚಿ ತಾನೇ ನನ್ನತ್ತ ಬರುತ್ತಿತ್ತೇನೋ. ಆ ಉಪಾಯ ನನಗೆ ಹೊಳೆಯಿತು. ನಾನು ಬಾಯಿ ಬಿಡಲಿಲ್ಲ. ರಿಪೇರಿ ತಪ್ಪಿದರೆ ತಪ್ಪಲಿ ಎಂದುಕೊಂಡು ತುಟಿ ಕಚ್ಚಿ ಕುಳಿತೆ.

ಮೂರನೆಯ ಗಂಟೆ. ಕಿಟಕಿಯಾಚೆ ಆ ಹೆಂಗಸು ವ್ಯಾನಿನ ಕಡೆ ತಿರುಗಿದರು.

"ಲೇ ಲಲಿತಾ, ಎಂಗೆ ಕುಂತ್ಕೊಳ್ಳೋದು ಇದ್ರಾಗೆ? ಬೇಗ ಯೇಳು."

"ನಿನ್ನ ಕಡೆ ಇರೋ ಕುರ್ಚಿ ತೋಳು ಮೇಲೆತ್ತು. ಎದ್ದು ನಿಲ್ಲಬೇಡ. ಮಂಚದ ಅಂಚಿಗೆ ಸರಿ. ಎಡಗಾಲು ಊರು. ಕೈ ಆಚೆ ತೋಳಿನ ಮೇಲೆ. ಈಗ ಸೊಂಟ ಮಾತ್ರ ಸರಿಸು."

"ಬೀಳ್ತೀನಿ ಕಣೇ."

"ಬೀಳಲ್ಲ. ಸರಿಸು."

ಅವಳು ಸರಿದಳು. ಪ್ಲಾಸ್ಟಿಕ್ ಹೊದಿಕೆ ಚರಚರ ಎಂದಿತು. ಅರ್ಧದಲ್ಲಿ ಸಿಕ್ಕಿಕೊಂಡು, ಕಣ್ಣು ಮುಚ್ಚಿ, "ಅಯ್ಯೋ ಸಾಮಿ," ಎಂದು ಇನ್ನೊಂದು ಸಲ ಎಳೆದುಕೊಂಡಳು. ಕುಳಿತಳು. ಮಡಚಿದ ಸೀರೆಯ ಕೆಳಗೆ ಬಲಗಾಲು ಇರಬೇಕಾದ ಜಾಗವನ್ನು ಒಮ್ಮೆ ನೋಡಿದಳು. ಮತ್ತೆ ನೋಡಲಿಲ್ಲ. ಹಿಡಿ ಒತ್ತಿದಳು. ಬಾಗಿಲ ಚೌಕಟ್ಟಿಗೆ ಗುದ್ದಿದಳು, ಹಿಂದೆ ಬಂದಳು, ಮತ್ತೆ ಗುದ್ದಿದಳು, ದಾಟಿ ಹೋದಳು. ಬೀಗದ ಸದ್ದು ಕೇಳಿತು. ಆಮೇಲೆ ಅವಳ ದನಿ, ಮಳೆಯನ್ನು ಮೀರಿಸಿ, ಕನ್ನಡ, ತಮಿಳು, ಮಲಯ ಮೂರೂ ಬೆರೆತ ಕೂಗು. ವ್ಯಾನಿನ ಬಾಗಿಲು ಮುಚ್ಚಿದ ಸದ್ದು ಬಂತು. ಹೊರಟರೋ, ಬಂದರೋ ತಿಳಿಯಲಿಲ್ಲ. ನಾನು ಮಂಚದ ಅಂಚು ಹಿಡಿದು ಕಾದೆ.

ಕಾಕ್ ರೋಸ್ ನೀರು ಸುರಿಸಿಕೊಂಡು ಒಳಗೆ ಬಂದರು. ಅವರ ಹಿಂದೆ ಅತ್ತೆ. ತಲೆ, ಸೆರಗು, ಮಡಿಲು ಎಲ್ಲ ತೊಪ್ಪೆ. ಅಷ್ಟು ದೂರ ಹೋಗಿದ್ದಳು, ಚಪ್ಪರದಾಚೆಗೆ, ಮಳೆಯೊಳಗೆ.

ನಾನು ಮೊದಲು ಹೇಳಿದ್ದು, "ಹಿಡಿ ಒರೆಸು, ನೀರು ಇಳಿದ್ರೆ ಕೆಡುತ್ತೆ," ಎಂದು. ಅವಳು ಸೆರಗಿನ ತುದಿ ಹಿಂಡಿ, ಒರೆಸಿದಳು.

ಕೆರೆಯ ದಾರಿ

ಕಾಕ್ ರೋಸ್ ನನ್ನ ಹಿಡಿಯ ತಂತಿ ಬೆಸೆದು, ಹೊಸ ತೋಳು ಕೂರಿಸಿ, ಹೊಸ ಬ್ಯಾಟರಿಗಳನ್ನೂ ಹಾಕಿಕೊಟ್ಟರು. ನನ್ನ ಹಳೆಯವು ಅತ್ತೆಯ ಕುರ್ಚಿಯಲ್ಲೇ ಉಳಿದವು. ಬಿಚ್ಚುವ ಕೆಲಸ ಯಾರಿಗೂ ಬೇಕಿರಲಿಲ್ಲ.

ಅತ್ತೆ ಬದಲಾದಳು ಎಂದು ಬರೆದರೆ ಸುಳ್ಳಾಗುತ್ತದೆ. ಮಾರನೆಯ ದಿನ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದಳು. ಅದರ ಮಾರನೆಯ ದಿನ ಸ್ವಲ್ಪ ಹೊತ್ತು ಕುಳಿತಳು. ಮೂರನೆಯ ದಿನ ಸಂಜೆ ಬಾಗಿಲವರೆಗೆ ಬಂದು, ನನ್ನ ಪಕ್ಕ ನಿಲ್ಲಿಸಿ, ಬೀದಿಯನ್ನು ನೋಡುತ್ತಾ ಹೇಳಿದಳು:

"ಇದ್ರಾಗೆ ಕುಂತ್ಕೊಂಡ್ರೆ ಕಾಲು ಓಯ್ತು ಅಂತ ನಾನೇ ಒಪ್ಕೊಂಡಂಗೆ ಆಗ್ತದೆ ಅಂದ್ಕೊಂಡಿದ್ದೆ. ಮಲಗಿದ್ರೆ ಇನ್ನೂ ಐತೇನೋ ಅನ್ಸೋದು. ಬೆರಳು ಕಡೀತಿತ್ತು ಕಣೇ, ಇಲ್ದಿರೋ ಬೆರಳು." ನನ್ನ ಕಡೆ ತಿರುಗಿ, "ನಿಂಗೂ ಅಂಗೇ ಆಗಿತ್ತಾ? ಆವಾಗ? ನಾನು ಕೇಳ್ಲೇ ಇಲ್ಲ ನಿನ್ನ."

"ಆಗಿತ್ತು," ಎಂದೆ. "ಕೇಳಿದ್ದಿದ್ರೆ ನಾನು ಚಾಪೆ ಬಿಟ್ಟು ಏಳ್ತಿರಲಿಲ್ಲ ಅತ್ತೆ."

ಅವಳು ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತೆವು, ಸದ್ದಿಲ್ಲದೆ. ಎದುರು ಮನೆಯ ಚೀನೀ ಮುದುಕ ಹಕ್ಕಿಯ ಪಂಜರ ಒಳಗಿಡಲು ಹೊರಬಂದವನು ನಮ್ಮನ್ನು ಕಂಡೂ ಕಾಣದಂತೆ ತಲೆ ತಗ್ಗಿಸಿ ಹೋದ. ನಮ್ಮೂರಾಗಿದ್ದರೆ ಆ ಹೊತ್ತಿಗೆ ಬೀದಿಯೇ ಸೇರುತ್ತಿತ್ತು. ಅಂದು ಮಾತ್ರ ಅವನ ಮರ್ಯಾದೆಯೇ ನನಗೆ ಹಿತವಾಯಿತು.

ಹೊರಡುವ ಮುಂಚೆ ಅವಳಿಗೆ ಕಲಿಸಬೇಕಾದ್ದೆಲ್ಲ ಕಲಿಸಿದೆ. ಸಂಜೆಯ ಚಾರ್ಜು, ಚಕ್ರದ ಕೂದಲು, ಇಳಿಜಾರಿನಲ್ಲಿ ನಿಧಾನ, ಹುಣ್ಣಾಗದಂತೆ ಆಗಾಗ ಕೈಯೂರಿ ಸೊಂಟ ಎತ್ತುವುದು. ಕ್ರೋಶಾ ಕಡ್ಡಿಯನ್ನು ಅವಳಿಗೇ ಬಿಟ್ಟೆ. ಕೊನೆಯ ಸಂಜೆ ಇಬ್ಬರೂ ಕುರ್ಚಿಗಳಲ್ಲಿ ಬೀದಿಯ ತುದಿಯವರೆಗೆ ಹೋದೆವು. ಅಲ್ಲಿಂದ ಕೆರೆಗೆ ದಾರಿಯಿದೆ. "ಇನ್ನೊಂದಿನ ಓಗಾನ," ಎಂದು ಅತ್ತೆ ತಿರುಗಿಸಿದಳು. ಇನ್ನೊಂದು ದಿನ ನನಗಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಮತ್ತೆ ಊರು

ಬಂದ ಮೇಲೆ ಆಗಾಗ ಫೋನಿನಲ್ಲಿ ಮಾತಾಡುತ್ತಿದ್ದೆವು. ಬೆನ್ನಿನ ಹುಣ್ಣು ಮಾಯಿತೆಂದಳು. ಎಲ್ಲಾದರೂ ಹೋಗುತ್ತೀಯಾ ಎಂದರೆ, "ನಾನೆಲ್ಲಿಗೆ ಓಗ್ಲಿ, ಇಲ್ಲೇ ಬಾಗ್ಲವರ್ಗೂ," ಎನ್ನುತ್ತಿದ್ದಳು. ಮುಂದಿನ ವರ್ಷ, ಹುಣಸೆ ಬಡಿಯುವ ಕಾಲದಲ್ಲಿ, ಅತ್ತೆ ಹೋದಳು. ಹೃದಯ ನಿಂತಿತಂತೆ. ಹೋಗಿ ಮುಖ ನೋಡಲು ನನ್ನಿಂದಾಗಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಕುಮಾರ ಫೋನು ಮಾಡಿದ. ನಾನು ಡೇರಿಯಲ್ಲಿದ್ದೆ.

"ಅತ್ತಿಗೆ, ಅಮ್ಮನ ಕುರ್ಚೀನ ಬೇಕಾದೋರಿಗೆ ಕೊಡಿ ಅಂತ ಕಾಕ್ ರೋಸ್ ಹತ್ರ ಕಳಿಸಿದ್ದೆ. ಟೈರ್ ಬದಲಾಯಿಸ್ದೆ ಕೊಡೋಕಾಗಲ್ಲ ಅಂತಿದಾರೆ. ಎರಡೂ ನುಣ್ಣಗೆ ಸವೆದೋಗಿವೆಯಂತೆ, ಕೆಂಪು ಮಣ್ಣು ಬೇರೆ ಮೆತ್ಕೊಂಡಿದೆಯಂತೆ. ನಮ್ಮ ಬೀದೀಲಿ ಮಣ್ಣೇ ಇಲ್ಲ, ಇರೋದು ಕೆರೆ ದಾರೀಲಿ. ನಾನು ಕೆಲಸಕ್ಕೆ ಹೋದ್ಮೇಲೆ ಅಮ್ಮ ದಿನಾ ಎಷ್ಟು ದೂರ ಹೋಗಿ ಬರ್ತಿದ್ಲೋ, ನಂಗೆ ಗೊತ್ತೇ ಇಲ್ಲ."

ಹಾಲು ಹಾಕಲು ಬಂದವರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಸ್ವಲ್ಪ ನಿಲ್ಲಿ ಎಂದು ಅವರಿಗೆ ಕೈ ಮಾಡಿದೆ.

"ಇನ್ನೊಂದು ಸಲ ಹೇಳು ಕುಮಾರ," ಎಂದೆ. "ಎಷ್ಟು ಸವೆದಿವೆ?"